ಓಲಾಡುವುದು ಮತದಾರನೋ, ಕ್ಷೇತ್ರವೋ? ದಾವಣಗೆರೆ, ಚಿತ್ರದುರ್ಗದ ಲೆಕ್ಕ ಹಾಕೋಣ

ಹೊಂಡದ ಸರ್ಕಲ್

ಪ್ರತಿ ಚುನಾವಣೆಯಲ್ಲೂ ಟಿವಿಯವರು ಮಧ್ಯ ಕರ್ನಾಟಕ ಅಂದ ಕೂಡಲೇ "ಯಾವ ಕಡೆ ಬೇಕಾದರೂ ವಾಲಬಹುದು" ಅಂತ ಶುರು ಮಾಡುತ್ತಾರೆ. ಮ್ಯಾಪಿನಲ್ಲಿ ದಾವಣಗೆರೆ, ಚಿತ್ರದುರ್ಗ ಎರಡಕ್ಕೂ ಒಂದೇ ಬಣ್ಣ ಬಳಿಯುತ್ತಾರೆ. ಆದರೆ ಈ ಎರಡು ಲೋಕಸಭಾ ಕ್ಷೇತ್ರಗಳ ಫಲಿತಾಂಶವನ್ನು ಪಕ್ಕಪಕ್ಕ ಇಟ್ಟು ನೋಡಿ.

ದಾವಣಗೆರೆಯಲ್ಲಿ 2004ರಿಂದ 2019ರವರೆಗೆ ನಾಲ್ಕು ಸಲವೂ ಗೆದ್ದವರು ಬಿಜೆಪಿಯ ಜಿ.ಎಂ. ಸಿದ್ದೇಶ್ವರ. 2009ರಲ್ಲಿ ಅವರ ಲೀಡ್ ಬರೀ 2,024. 1,013 ಜನ ಆ ಕಡೆಯಿಂದ ಈ ಕಡೆಗೆ ಬಂದಿದ್ದರೆ ಕಾಂಗ್ರೆಸ್ಸಿನ ಎಸ್.ಎಸ್. ಮಲ್ಲಿಕಾರ್ಜುನ್ ಎಂಪಿ ಆಗುತ್ತಿದ್ದರು. 2014ರಲ್ಲಿ ಅದೇ ಇಬ್ಬರು ಮತ್ತೆ ಎದುರಾದರು. ಆಗ ಅಂತರ 17,607.

ಚಿತ್ರದುರ್ಗದಲ್ಲಿ 2009ರಿಂದ ನಾಲ್ಕು ಚುನಾವಣೆ, ನಾಲ್ಕು ಬೇರೆ ಬೇರೆ ಎಂಪಿ. ಜನಾರ್ದನ ಸ್ವಾಮಿ, ಬಿ.ಎನ್. ಚಂದ್ರಪ್ಪ, ಎ. ನಾರಾಯಣಸ್ವಾಮಿ, ಗೋವಿಂದ ಕಾರಜೋಳ. 2014ರಲ್ಲಿ ಕಾಂಗ್ರೆಸ್ ಲಕ್ಷಕ್ಕೂ ಜಾಸ್ತಿ ಅಂತರದಲ್ಲಿ ಗೆದ್ದಿತು. ಐದೇ ವರ್ಷಕ್ಕೆ ಬಿಜೆಪಿ 80 ಸಾವಿರದ ಲೀಡ್ ತೆಗೆಯಿತು.

ಒಂದು ಕಡೆ ಅಂತರ ಸಣ್ಣದು, ಗೆಲ್ಲುವವರು ಅವರೇ. ಇನ್ನೊಂದು ಕಡೆ ಅಂತರ ದೊಡ್ಡದು, ಗೆಲ್ಲುವವರು ಬದಲಾಗುತ್ತಾರೆ. ಓಲಾಡುವ ಕ್ಷೇತ್ರ ಅಂತ ಯಾವುದನ್ನು ಕರೆಯೋಣ?

ಅರ್ಥಶಾಸ್ತ್ರದವರು ಇದಕ್ಕೆ ಮಾದರಿ ಕಟ್ಟಿದ್ದಾರೆ. ಮೊದಲನೆಯದು 1929ರಲ್ಲಿ ಹೆರಾಲ್ಡ್ ಹೋಟೆಲಿಂಗ್ ಹೇಳಿದ್ದು. ಉದ್ದನೆಯ ರಸ್ತೆ, ಎರಡೇ ಬೆಣ್ಣೆ ದೋಸೆ ಅಂಗಡಿ, ರೇಟು ಒಂದೇ, ರುಚಿ ಒಂದೇ ಅಂದುಕೊಳ್ಳಿ. ಜನ ಹತ್ತಿರದ ಅಂಗಡಿಗೆ ಹೋಗುತ್ತಾರೆ. ಇಬ್ಬರೂ ಮಾಲೀಕರು ಗಿರಾಕಿ ಕಿತ್ತುಕೊಳ್ಳಲು ಸರಿಯುತ್ತಾ ಸರಿಯುತ್ತಾ ಕೊನೆಗೆ ರಸ್ತೆ ನಡುವೆ ಅಕ್ಕಪಕ್ಕ ಬಂದು ನಿಲ್ಲುತ್ತಾರೆ. 1957ರಲ್ಲಿ ಆಂಟನಿ ಡೌನ್ಸ್ ಇದನ್ನೇ ಪಕ್ಷಗಳಿಗೆ ಹಚ್ಚಿದರು. 2023ರ ಪ್ರಣಾಳಿಕೆ ನೆನಪಿಸಿಕೊಳ್ಳಿ. ಕಾಂಗ್ರೆಸ್ಸಿನದು ಐದು ಗ್ಯಾರಂಟಿ. ಬಿಜೆಪಿಯದು ಬಿಪಿಎಲ್ ಮನೆಗಳಿಗೆ ವರ್ಷಕ್ಕೆ ಮೂರು ಸಿಲಿಂಡರ್, ದಿನಾ ಅರ್ಧ ಲೀಟರ್ ನಂದಿನಿ ಹಾಲು. ಅಂಗಡಿಗಳು ಪಕ್ಕಪಕ್ಕ ಬಂದವು ಅಲ್ವಾ?

ಆದರೆ ಈ ಮಾದರಿಯಲ್ಲಿ ತೀರ್ಮಾನ ಮಾಡದವನು ಅಂದರೆ ಎರಡೂ ಅಂಗಡಿಗೆ ಸಮ ದೂರದಲ್ಲಿ ಇರುವವನು, ಅಷ್ಟೇ. ಅವನಿಗೆ ಅಪ್ಪನ ಪಕ್ಷ ಇಲ್ಲ, ಜಾತಿ ಇಲ್ಲ, ಹೋದ ಸಲದ ಸಿಟ್ಟೂ ಇಲ್ಲ. ನಮ್ಮ ಕಡೆ ಅಂಥವನನ್ನು ಹುಡುಕಿ ತೋರಿಸಿ ನೋಡೋಣ. ಇದಕ್ಕಿಂತ ಒಳ್ಳೆ ಮಾದರಿ ಗೊತ್ತಿದ್ದವರು ಹೇಳಿ.

ಹಳೇ ಏಜೆಂಟ್

ಬಹಳ ವರ್ಷ ಬೂತಿನಲ್ಲಿ ಕೂತವನು ನಾನು. "ಇನ್ನೂ ಏನೂ ಅಂದುಕೊಂಡಿಲ್ಲ ಬಿಡಿ, ನೋಡೋಣ" ಅನ್ನುವವರಲ್ಲಿ ಅರ್ಧಕ್ಕರ್ಧ ಜನ ಅಂದುಕೊಂಡಿರುತ್ತಾರೆ. ಹೇಳುವುದಿಲ್ಲ ಅಷ್ಟೇ. ಎದುರಿಗೆ ಕೂತವನು ಯಾವ ಪಾರ್ಟಿ ಅಂತ ಗೊತ್ತಿಲ್ಲದಾಗ ಯಾರು ಬಾಯಿ ಬಿಡುತ್ತಾರೆ? ಊರಲ್ಲಿ ನಾಳೆಯೂ ಬಾಳಬೇಕು. ಸರ್ವೆಯವರು ಅದನ್ನೇ "ತೀರ್ಮಾನ ಮಾಡದವರು ಇಷ್ಟು ಪರ್ಸೆಂಟ್" ಅಂತ ಬರೆದುಕೊಂಡು ಹೋಗುತ್ತಾರೆ.

ಇನ್ನು ಕೆಲವರು ನಿಜವಾಗಿಯೂ ಕಾಯುತ್ತಾರೆ. ಕೊನೇ ರಾತ್ರಿಗೆ. ಯಾಕೆ ಅಂತ ಇಲ್ಲಿ ಬಿಡಿಸಿ ಹೇಳಬೇಕಿಲ್ಲ.

ಏಳು ಸುತ್ತು

ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುವವನು, ದುರ್ಗದವನು. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಹೊಂಡದ ಸರ್ಕಲ್ ಅವರ ಪ್ರಶ್ನೆಗೆ ಹೊಂದುವ ಮಾದರಿ 1987ರದು. ಸ್ವೀಡನ್ನಿನ ಆಸರ್ ಲಿಂಡ್‌ಬೆಕ್ ಮತ್ತು ಯೋರ್ಗನ್ ವೈಬುಲ್ ಕಟ್ಟಿದ್ದು. ಅಲ್ಲಿಂದ ಮುಂದೆ ಬೆಳೆದ ರೂಪದಲ್ಲಿ ಮತದಾರನ ತಲೆಯಲ್ಲಿ ಮೂರು ಲೆಕ್ಕ ಇರುತ್ತದೆ. ಒಂದು, ಯಾರು ಬಂದರೆ ನನಗೆ ಎಷ್ಟು ಸಿಗುತ್ತದೆ. ಎರಡು, ಮೊದಲಿನಿಂದ ಇರುವ ಒಲವು. ಜಾತಿ, ಮನೆತನ, ಮಠ, ಅಪ್ಪ ಹಾಕುತ್ತಿದ್ದ ಗುರುತು, ಎಲ್ಲಾ ಇದರಲ್ಲೇ. ಮೂರು, ಆ ವರ್ಷದ ಹವಾ. ಇದು ಎಲ್ಲರ ಮೇಲೂ ಒಂದೇ ಸಲ ಬೀಸುತ್ತದೆ, ಮುಂಚೆಯೇ ಯಾರಿಗೂ ಗೊತ್ತಾಗುವುದಿಲ್ಲ.

ಒಲವು ತೀರಾ ಜಾಸ್ತಿ ಇದ್ದವನಿಗೆ ಎಷ್ಟು ಕೊಟ್ಟರೂ ಅಲುಗುವುದಿಲ್ಲ. ಒಲವು ತೆಳ್ಳಗೆ ಇದ್ದವನು ಎರಡು ಪಕ್ಷದ ನಡುವಿನ ಗೆರೆಯ ಹತ್ತಿರ ನಿಂತಿರುತ್ತಾನೆ. ಸ್ವಲ್ಪ ಲಾಭ, ಸ್ವಲ್ಪ ಹವಾ ಬಂದರೂ ದಾಟುತ್ತಾನೆ. ಆದ್ದರಿಂದ ಒಂದು ಕ್ಷೇತ್ರದ ಬಗ್ಗೆ ಎರಡು ಪ್ರಶ್ನೆ ಕೇಳಬೇಕು. ಗೆರೆ ಮಧ್ಯದಲ್ಲಿದೆಯಾ, ಅಂದರೆ ಎರಡೂ ಕಡೆ ಜನ ಹತ್ತಿರ ಹತ್ತಿರ ಸಮ ಇದ್ದಾರಾ? ಗೆರೆಯ ಅಕ್ಕಪಕ್ಕ ಎಷ್ಟು ಜನ ನಿಂತಿದ್ದಾರೆ? ಟಿವಿಯವರು ಮೊದಲನೆಯದನ್ನು ನೋಡಿ ಎರಡನೆಯದನ್ನು ಹೇಳಿಬಿಡುತ್ತಾರೆ.

2009, 2014ರ ದಾವಣಗೆರೆಯಲ್ಲಿ ಗೆರೆ ಸರಿಯಾಗಿ ಮಧ್ಯಕ್ಕಿತ್ತು. ಆದರೆ ಎರಡೂ ಕಡೆ ಗಟ್ಟಿ ಪಾಳಯ, ಎರಡು ದೊಡ್ಡ ಮನೆತನ. ನಡುವೆ ನಿಂತವರು ಕಡಿಮೆ. ಹಾಗಾಗಿ ಅಂತರ ಸಣ್ಣದಾದರೂ ಫಲಿತಾಂಶ ತಿರುಗಲಿಲ್ಲ. ಚಿತ್ರದುರ್ಗ 2008ರ ಮರುವಿಂಗಡಣೆಯಿಂದ ಮೀಸಲು ಕ್ಷೇತ್ರ. ನಾರಾಯಣಸ್ವಾಮಿ ಆನೇಕಲ್ ಕಡೆಯವರು, ಕಾರಜೋಳ ಮುಧೋಳದವರು. ಊರಿನ ಮನೆತನ ಅಂತ ಹಿಡಿದುಕೊಳ್ಳುವ ಎಳೆಯೇ ಇಲ್ಲ. ಗೆರೆಯ ಹತ್ತಿರ ಜನ ಜಾಸ್ತಿ. ಹವಾ ಬಂದಾಗ ಲಕ್ಷಗಟ್ಟಲೆ ಆಚೀಚೆ ಆಗುತ್ತದೆ.

ವಿಧಾನಸಭೆಯಲ್ಲೂ ನೋಡಿ. ಚಿತ್ರದುರ್ಗ ಜಿಲ್ಲೆಯ ಆರು ಸೀಟಿನಲ್ಲಿ 2018ಕ್ಕೆ ಬಿಜೆಪಿ ಐದು, ಕಾಂಗ್ರೆಸ್ ಒಂದು. 2023ಕ್ಕೆ ಕಾಂಗ್ರೆಸ್ ಐದು, ಬಿಜೆಪಿ ಒಂದು. ಎರಡು ಸಲವೂ ಅಲುಗದೆ ನಿಂತಿದ್ದು ಚಳ್ಳಕೆರೆ ಮತ್ತು ಹೊಳಲ್ಕೆರೆ ಮಾತ್ರ. ಚಳ್ಳಕೆರೆ ಕಾಂಗ್ರೆಸ್ಸಿಗೆ, ಹೊಳಲ್ಕೆರೆ ಬಿಜೆಪಿಗೆ.

ಮೆಕ್ಕೆಜೋಳ ರೇಟು

ಪಾಠ ಚೆನ್ನಾಗಿದೆ ಸಾರ್. ಆದರೆ ದಾವಣಗೆರೆಯಲ್ಲಿ ನಡುವೆ ಜನ ಕಡಿಮೆ ಅಂದರೆ 2019 ಹೇಗೆ? ಆಗ ಸಿದ್ದೇಶ್ವರ ಲೀಡ್ 1,69,702. 2024ಕ್ಕೆ ಅವರ ಪತ್ನಿ ಗಾಯಿತ್ರಿ ಸಿದ್ದೇಶ್ವರ ನಿಂತರು. ಪ್ರಭಾ ಮಲ್ಲಿಕಾರ್ಜುನ್ 26,094 ಮತದಿಂದ ಗೆದ್ದರು. ಎರಡನ್ನೂ ಕೂಡಿದರೆ ಹತ್ತಿರ ಹತ್ತಿರ ಎರಡು ಲಕ್ಷ ಆಚೆ ಈಚೆ ಆದ ಹಾಗಾಯ್ತು. ಇದು ಗಟ್ಟಿ ಪಾಳಯವಾ?

ಹೊಂಡದ ಸರ್ಕಲ್

@ಮೆಕ್ಕೆಜೋಳ ರೇಟು, 2019ರಲ್ಲಿ ಎದುರಿಗೆ ಇದ್ದವರು ಯಾರು ನೋಡಿ. 2009, 2014ರಲ್ಲಿ ಶಾಮನೂರು ಮನೆಯವರು, ಅಂದರೆ ಮಲ್ಲಿಕಾರ್ಜುನ್ ನಿಂತಿದ್ದರು. 2019ರಲ್ಲಿ ಎಚ್.ಬಿ. ಮಂಜಪ್ಪ. 2024ರಲ್ಲಿ ಮತ್ತೆ ಶಾಮನೂರು ಮನೆ. 2009ರಿಂದ ಈಚೆ ಆ ಮನೆಯವರು ನಿಂತ ಮೂರು ಚುನಾವಣೆಯನ್ನಷ್ಟೇ ಜೋಡಿಸಿ: 2,024, ಆಮೇಲೆ 17,607, ಆಮೇಲೆ ಉಲ್ಟಾ 26,094. ಮೂರೂ ಸಣ್ಣ ಅಂತರ. ಮೂರು ಸಲವೂ ಗೆರೆ ಮಧ್ಯದ ಆಸುಪಾಸಿನಲ್ಲೇ ಇತ್ತು.

ಹಾಗಂತ 2019ರ ಪುಲ್ವಾಮಾ, ಬಾಲಾಕೋಟ್ ಆದ ಮೇಲಿನ ಹವಾವನ್ನು ತೆಗೆದು ಹಾಕುವ ಹಾಗಿಲ್ಲ. ಆ ಸಲ ರಾಜ್ಯದ 28ರಲ್ಲಿ ಬಿಜೆಪಿಗೆ 25 ಸೀಟು ಬಂದಿತ್ತು. ಆದರೆ ಅಭ್ಯರ್ಥಿ ಯಾರು ಅನ್ನುವುದನ್ನು ಬಿಟ್ಟು ಬರೀ ಪಕ್ಷದ ಮತ ಕೂಡಿ ಕಳೆದರೆ, ಅಭ್ಯರ್ಥಿ ಬದಲಾಗಿದ್ದನ್ನು ಮತದಾರ ಬದಲಾದ ಅಂತ ಓದಿಬಿಡುತ್ತೇವೆ. ನನ್ನ ತಕರಾರು ಇಷ್ಟೇ.

ಗೆರೆ ಮಧ್ಯದಲ್ಲಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಹೊನ್ನಾಳಿ ವಿಧಾನಸಭಾ ಕ್ಷೇತ್ರ ಇನ್ನೂ ಚೊಕ್ಕ ಉದಾಹರಣೆ. 2008 ಬಿಜೆಪಿಯ ರೇಣುಕಾಚಾರ್ಯ, 2013 ಕಾಂಗ್ರೆಸ್ಸಿನ ಶಾಂತನಗೌಡ, 2018 ರೇಣುಕಾಚಾರ್ಯ, 2023 ಶಾಂತನಗೌಡ. ಅವರೇ ಇಬ್ಬರು, ಅವೇ ಎರಡು ಪಾಳಯ. ರಾಜ್ಯದಲ್ಲಿ ಯಾವ ಪಕ್ಷ ಮೊದಲ ಸ್ಥಾನಕ್ಕೆ ಬಂತೋ ಹೊನ್ನಾಳಿಯೂ ಆ ಕಡೆ. ಇಲ್ಲಿ ಊರಿಗೆ ಊರೇ ಮನಸ್ಸು ಬದಲಾಯಿಸುತ್ತದೆ ಅನ್ನುವವರನ್ನು ನಾನು ನಂಬುವುದಿಲ್ಲ. ಪಾಳಯ ಸಮ ಇದ್ದಾಗ ಸಣ್ಣ ಗುಂಪೊಂದು ಸರಿದರೆ ಸಾಕು.

ತುದಿ ಕಾಲುವೆ

ನಾವು ಭದ್ರಾ ನಾಲೆಯ ಕೊನೇ ಭಾಗದವರು. ನೀರು ನಮಗೆ ತಲುಪುವಷ್ಟರಲ್ಲಿ ಮೇಲಿನವರ ಎರಡನೇ ನೀರೂ ಮುಗಿದಿರುತ್ತದೆ. ಹಾಗಾಗಿ ನನ್ನ ಪ್ರಶ್ನೆ ಬೇರೆ. ಓಲಾಡುವ ಜಿಲ್ಲೆ ಅಂದ ಮೇಲೆ ನಮಗೆ ದುಡ್ಡು ಜಾಸ್ತಿ ಬರಬೇಕಲ್ಲ? ಬಂದಿದೆಯಾ?

2023ರ ಫೆಬ್ರವರಿ 1ರ ಕೇಂದ್ರ ಬಜೆಟ್ಟಿನಲ್ಲಿ ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಗೆ 5,300 ಕೋಟಿ ಅಂತ ಘೋಷಣೆ ಆಯ್ತು. ಮೇ 10ಕ್ಕೆ ವಿಧಾನಸಭೆ ಮತದಾನ. ಚಿತ್ರದುರ್ಗದಲ್ಲಿ ಆ ಯೋಜನೆಗೆ ಜನ ಎಷ್ಟು ವರ್ಷದಿಂದ ಕಾದಿದ್ದಾರೆ ಅಂತ ಎಲ್ಲರಿಗೂ ಗೊತ್ತು. ಆದರೂ ಫಲಿತಾಂಶ ಐದಕ್ಕೆ ಒಂದು, ಅದೂ ಘೋಷಣೆ ಮಾಡಿದ ಪಕ್ಷದ ವಿರುದ್ಧ. ಮಾದರಿ ಇಲ್ಲಿ ಫೇಲ್ ಆಯ್ತು ಅಂತ ಹೇಳಬಹುದಾ?

ಏಳು ಸುತ್ತು

ಫೇಲ್ ಅಂತ ನಾನು ಹೇಳುವುದಿಲ್ಲ. ಆದರೆ ನೀವು ಮುಟ್ಟಿದ್ದು ಸರಿಯಾದ ಜಾಗವನ್ನೇ.

ದುಡ್ಡು ಯಾರಿಗೆ ಹೋಗುತ್ತದೆ ಅನ್ನುವುದಕ್ಕೆ ಎರಡು ವಾದ ಇವೆ. 1986ರಲ್ಲಿ ಗ್ಯಾರಿ ಕಾಕ್ಸ್, ಮ್ಯಾಥ್ಯೂ ಮೆಕ್‌ಕಬಿನ್ಸ್ ಹೇಳಿದ್ದು: ರಾಜಕಾರಣಿ ರಿಸ್ಕ್ ತೆಗೆದುಕೊಳ್ಳುವುದಿಲ್ಲ, ತನ್ನವರಿಗೇ ಮೊದಲು ಕೊಡುತ್ತಾನೆ. ಅವರಿಗೆ ಏನು ಬೇಕು ಅಂತ ಅವನಿಗೆ ಗೊತ್ತಿರುತ್ತದೆ. ಲಿಂಡ್‌ಬೆಕ್, ವೈಬುಲ್ ದಾರಿಯವರು ಹೇಳುವುದು: ತನ್ನವನು ಹೇಗಿದ್ದರೂ ಹಾಕುತ್ತಾನೆ, ಗೆರೆ ಮೇಲೆ ನಿಂತವನಿಗೆ ಕೊಡು. 1996ರಲ್ಲಿ ಅವಿನಾಶ್ ದೀಕ್ಷಿತ್ ಮತ್ತು ಜಾನ್ ಲಂಡ್ರೆಗನ್ ಇವೆರಡನ್ನೂ ಒಂದೇ ಲೆಕ್ಕದಲ್ಲಿ ತಂದರು. ತಲುಪಿಸುವ ಶಕ್ತಿ ಎಲ್ಲಾ ಗುಂಪಿಗೂ ಒಂದೇ ಥರ ಇದ್ದರೆ ಹಣ ಗೆರೆಯ ಹತ್ತಿರದವರಿಗೆ ಹೋಗುತ್ತದೆ. ತನ್ನವರಿಗೆ ಮಾತ್ರ ಸೋರದೆ ತಲುಪಿಸಲು ಬರುತ್ತದೆ ಅಂದರೆ ತನ್ನವರಿಗೆ ಹೋಗುತ್ತದೆ.

ಈಗ ಭದ್ರಾ ಮೇಲ್ದಂಡೆಗೂ ಗ್ಯಾರಂಟಿಗೂ ಇರುವ ವ್ಯತ್ಯಾಸ ನೋಡಿ. ಮೇಲ್ದಂಡೆ 2.25 ಲಕ್ಷ ಹೆಕ್ಟೇರಿನ ಯೋಜನೆ. ನೀರು ಯಾವ ವರ್ಷ ಬರುತ್ತದೆ ಗೊತ್ತಿಲ್ಲ, ಬಂದರೂ ಯಾರ ಹೆಸರಿಗೆ ಬರೆಯಬೇಕು ಅನ್ನುವುದು ಜಗಳ. ಘೋಷಿಸಿದ ಹಣ ಬಂದಿಲ್ಲ ಅಂತ ರಾಜ್ಯ ಸರ್ಕಾರ ಆಮೇಲೆ ದೂರುತ್ತಲೇ ಬಂತು. ಗ್ಯಾರಂಟಿಯಲ್ಲಿ ತಿಂಗಳಿಗೆ 2,000 ಅಂದರೆ ಲೆಕ್ಕ ಸರಳ. ಬಂತಾ, ಇಲ್ವಾ ಅಂತ ಮೊಬೈಲಿಗೆ ಮೆಸೇಜ್ ಬರುತ್ತದೆ. ಗೆರೆಯ ಮೇಲೆ ನಿಂತವನು ದೂರದ ದೊಡ್ಡ ಲಾಭಕ್ಕೆ ಬಹಳ ಕಡಿಮೆ ಬೆಲೆ ಕಟ್ಟುತ್ತಾನೆ. ಅದರಲ್ಲೂ ನೀರಿನ ಭರವಸೆ ಕೇಳಿ ಕೇಳಿ ಸಾಕಾಗಿರುವ ಜಿಲ್ಲೆ ನಮ್ಮದು. ನಿಮ್ಮ ಐದಕ್ಕೆ ಒಂದನ್ನು ನಾನು ಹಾಗೆ ಓದುತ್ತೇನೆ.

ಹಳೇ ಏಜೆಂಟ್

ಕಾಕ್ಸ್ ಅನ್ನುವವರ ಮಾತು ಸರಿ. ಊರಲ್ಲಿ ನಮ್ಮವರಿಗೆ ಮೊದಲು ಕೊಡದಿದ್ದರೆ ಒಳಏಟು ಗ್ಯಾರಂಟಿ. ಆರನೇ ಗ್ಯಾರಂಟಿ ಅಂದುಕೊಳ್ಳಿ.

ಜಗಳೂರು ಬಿಸಿಲು

ನಮ್ಮ ತಾಲ್ಲೂಕನ್ನು ಬಿಟ್ಟು ಎಲ್ಲಾ ಮಾತಾಡಿದಿರಿ. 2023ರಲ್ಲಿ ಜಗಳೂರಿನಲ್ಲಿ ಕಾಂಗ್ರೆಸ್ಸಿನ ಬಿ. ದೇವೇಂದ್ರಪ್ಪ ಗೆದ್ದಿದ್ದು 874 ಮತದಲ್ಲಿ. ಎರಡನೆಯವರು ಬಿಜೆಪಿಯ ಎಸ್.ವಿ. ರಾಮಚಂದ್ರ. ಮೂರನೆಯವರು ಎಚ್.ಪಿ. ರಾಜೇಶ್. 2013ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದಿದ್ದವರು, ಈ ಸಲ ಬಂಡಾಯ ಎದ್ದು ಪಕ್ಷೇತರ. ಮೂವರಿಗೂ ಐವತ್ತು ಸಾವಿರದ ಆಸುಪಾಸು ಮತ.

ಪುಸ್ತಕದಲ್ಲಿ ಓದಿದ್ದು ಏನೆಂದರೆ, ಒಬ್ಬರೇ ಗೆಲ್ಲುವ ಕ್ಷೇತ್ರದಲ್ಲಿ ಮೂರನೆಯವನು ಕರಗಿ ಹೋಗಬೇಕು. "ನಿನ್ನ ಓಟು ಯಾಕೆ ಹಾಳು ಮಾಡ್ತೀಯ" ಅಂತ ಅವನ ಬೆಂಬಲಿಗರು ಮೊದಲಿಬ್ಬರ ಕಡೆ ಸರಿಯಬೇಕು. ಜಗಳೂರಿನಲ್ಲಿ ಯಾಕೆ ಕರಗಲಿಲ್ಲ?

ಏಳು ಸುತ್ತು

@ಜಗಳೂರು ಬಿಸಿಲು, ಬಹಳ ಒಳ್ಳೆ ಉದಾಹರಣೆ. ಅದೇ ಗ್ಯಾರಿ ಕಾಕ್ಸ್ 1997ರಲ್ಲಿ ಇದನ್ನು ಬಿಡಿಸಿಟ್ಟಿದ್ದಾರೆ. ಮೂರನೆಯವನು ಕರಗಬೇಕಾದರೆ ಮೂರನೆಯವನು ಯಾರು ಅಂತ ಜನಕ್ಕೆ ಮೊದಲೇ ಗೊತ್ತಿರಬೇಕು. ಎರಡನೆಯವನು, ಮೂರನೆಯವನು ಇಬ್ಬರೂ ಒಂದೇ ಮಟ್ಟದಲ್ಲಿ ಕಂಡರೆ ಯಾರನ್ನು ಬಿಟ್ಟು ಬರಬೇಕು ಅಂತಲೇ ತಿಳಿಯುವುದಿಲ್ಲ. ಎಲ್ಲರೂ ತಮ್ಮ ತಮ್ಮ ಜಾಗದಲ್ಲೇ ನಿಲ್ಲುತ್ತಾರೆ. ಮತದಾನದ ದಿನ ನಿಮ್ಮ ಹೋಟೆಲಿನಲ್ಲಿ "ಮೂರನೇ ಸ್ಥಾನ ಯಾರಿಗೆ" ಅಂತ ಕೇಳಿದ್ದರೆ ಮೂರು ಹೆಸರೂ ಬರುತ್ತಿತ್ತು ಅಲ್ವಾ?

ಇಲ್ಲಿ ಇನ್ನೊಂದು ವಿಷಯ. 438 ಜನ ಮನಸ್ಸು ಬದಲಾಯಿಸಿದ್ದರೆ ಜಗಳೂರು ಉಲ್ಟಾ. ನಕ್ಷೆಯಲ್ಲಿ ಅದು ಓಲಾಡುವ ಕ್ಷೇತ್ರವೇ. ಆದರೆ ಅಲ್ಲಿನ ಮತದಾರರು ಮೂರು ಕಡೆ ಗಟ್ಟಿಯಾಗಿ ನಿಂತವರು. ಓಲಾಡದ ಮತದಾರರೇ ಸೇರಿ ಮಾಡಿದ ಓಲಾಡುವ ಕ್ಷೇತ್ರ ಅದು.

2024ರ ಲೋಕಸಭೆಯಲ್ಲಿ ದಾವಣಗೆರೆಯಲ್ಲಿ ಹೀಗಾಗಲಿಲ್ಲ. ಕಾಂಗ್ರೆಸ್ ಟಿಕೆಟ್ ಸಿಗದೆ ಪಕ್ಷೇತರರಾಗಿ ನಿಂತ ಜಿ.ಬಿ. ವಿನಯ್ ಕುಮಾರ್ 42 ಸಾವಿರಕ್ಕೂ ಹೆಚ್ಚು ಮತ ತೆಗೆದರು. ಗೆಲುವಿನ ಅಂತರಕ್ಕಿಂತ ಅದು ಜಾಸ್ತಿ. ಆದರೂ ಕಾಂಗ್ರೆಸ್ ಗೆದ್ದಿತು. ಬಂಡಾಯದ ಮತವೆಲ್ಲ ಒಂದೇ ಪಕ್ಷದ ಮನೆಯಿಂದ ಹೋಗುತ್ತದೆ ಅಂದುಕೊಂಡರೆ ಈ ಲೆಕ್ಕ ಕೂಡುವುದಿಲ್ಲ.

ಪಿಜೆ ಬಡಾವಣೆ

438 ಅಂದಿದ್ದಕ್ಕೆ ಕೇಳುತ್ತಿದ್ದೇನೆ. ನನ್ನೊಬ್ಬಳ ಓಟಿನಿಂದ ಫಲಿತಾಂಶ ಬದಲಾಗುವ ಸಾಧ್ಯತೆ ಹೆಚ್ಚುಕಮ್ಮಿ ಸೊನ್ನೆ. ಬಿಸಿಲಲ್ಲಿ ಕ್ಯೂ ನಿಲ್ಲುವ ಖರ್ಚು ಮಾತ್ರ ನಿಜ. ಡೌನ್ಸ್ ಲೆಕ್ಕದ ಪ್ರಕಾರ ಯಾರೂ ಮನೆ ಬಿಟ್ಟು ಹೋಗಬಾರದು. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಧ್ರುವನಾರಾಯಣ ಒಂದೇ ಓಟಿನಿಂದ ಗೆದ್ದರು, ಸರಿ. ಆದರೆ ಅಂಥದ್ದು ಎಷ್ಟು ಸಲ ಆಗುತ್ತದೆ? 1968ರಲ್ಲಿ ರೈಕರ್, ಓರ್ಡೆಶುಕ್ ಅದಕ್ಕೆ "ಕರ್ತವ್ಯದ ಸಮಾಧಾನ" ಅಂತ ಸೂತ್ರದಲ್ಲಿ ಒಂದು ಅಕ್ಷರ ಸೇರಿಸಿ ಲೆಕ್ಕ ಸರಿ ಮಾಡಿದರು. ನನಗೇನೋ ಅದು ಉತ್ತರ ಬರಲಿಲ್ಲ ಅಂತ ಕೊನೆಯಲ್ಲಿ ಕೂಡಿಸಿದ ಹಾಗೆ ಕಾಣುತ್ತದೆ.

ಇನ್ನೊಂದು ಮಾದರಿ ನನಗೆ ಇಷ್ಟ. 1996ರಲ್ಲಿ ಫೆಡರ್ಸನ್, ಪೆಸೆಂಡಾರ್ಫರ್ ಹೇಳಿದ್ದು. ವಿಷಯ ಕಡಿಮೆ ತಿಳಿದವನು, ಯಾವ ಕಡೆಯೂ ಒಲವಿಲ್ಲದವನು ಓಟು ಹಾಕದೆ ಸುಮ್ಮನಿರುವುದೇ ಜಾಣತನ, ತಿಳಿದವರು ತೀರ್ಮಾನಿಸಲಿ ಅಂತ. ಅವನ ಓಟು ಫಲಿತಾಂಶ ಬದಲಾಯಿಸುವ ಸಂದರ್ಭ ಬಂದರೆ ತಪ್ಪು ಕಡೆ ಬದಲಾಯಿಸುವ ಅಪಾಯವೇ ಜಾಸ್ತಿ. ಆದರೆ ನಮ್ಮಲ್ಲಿ ಉಲ್ಟಾ. ಪೇಪರ್ ಓದಿ, ವಾಟ್ಸಾಪಿನಲ್ಲಿ ಭಾಷಣ ಮಾಡುವ ನಮ್ಮ ಬಡಾವಣೆ ಕಡೆಯೇ ಮತದಾನ ಕಡಿಮೆ. ಹೊನ್ನಾಳಿ, ಹರಿಹರದ ಹಳ್ಳಿಗಳಲ್ಲಿ ಬೆಳಿಗ್ಗೆ ಏಳಕ್ಕೇ ಕ್ಯೂ. ಅಲ್ಲಿ ಓಟು ಹಾಕದೆ ಇದ್ದರೆ ಯಾರಾದರೂ ಕೇಳುತ್ತಾರೆ. ಇಲ್ಲಿ ಪಕ್ಕದ ಮನೆಯವರಿಗೂ ಗೊತ್ತಾಗುವುದಿಲ್ಲ.

ಮತ್ತೆ, ನಿಮ್ಮ ಎಲ್ಲಾ ಮಾದರಿಯಲ್ಲೂ ಮತದಾರ "ಅವನು" ಯಾಕೆ? 2,000 ಹೋಗುವುದು ಮನೆ ಯಜಮಾನಿ ಖಾತೆಗೆ. ಅಪ್ಪನ ಪಕ್ಷಕ್ಕೆ ಹಾಕುವ ಮನೆಯಲ್ಲಿ ಅಮ್ಮನ ಗೆರೆ ಬೇರೆ ಕಡೆ ಇರಬಹುದು.

ಮೆಕ್ಕೆಜೋಳ ರೇಟು

ಒಳ್ಳೆ ಪಾಯಿಂಟ್ ಮೇಡಂ. ನಮ್ಮ ಮನೆಯಲ್ಲೂ ಅದೇ ಕಥೆ, ಕೇಳಿದರೆ ಹೇಳುವುದಿಲ್ಲ.

ನನ್ನ ಕಡೇ ಪ್ರಶ್ನೆ ಬೆಳೆ ರೇಟಿನದು. ಜೇಬು ನೋಡಿ ಓಟು ಹಾಕುತ್ತಾರೆ ಅಂತಾರಲ್ಲ. 2023ರ ಡಿಸೆಂಬರಿನಲ್ಲಿ ಕೇಂದ್ರ ಈರುಳ್ಳಿ ರಫ್ತು ನಿಲ್ಲಿಸಿತು. 2024ರ ಏಪ್ರಿಲ್ 26ಕ್ಕೆ ಚಿತ್ರದುರ್ಗದಲ್ಲಿ ಮತದಾನ. ನಿಷೇಧ ತೆಗೆದಿದ್ದು ಮೇ 4ಕ್ಕೆ. ಚಳ್ಳಕೆರೆ, ಹಿರಿಯೂರು ಕಡೆ ಈರುಳ್ಳಿ ಬೆಳೆಯುವವರು ಎಷ್ಟು ಜನ ಇದ್ದಾರೆ! ಆದರೂ ಬಿಜೆಪಿ 48 ಸಾವಿರದಿಂದ ಗೆದ್ದಿತು. ಅದೇ ಈರುಳ್ಳಿ ಮಹಾರಾಷ್ಟ್ರದ ದಿಂಡೋರಿಯಲ್ಲಿ ಕೇಂದ್ರ ಮಂತ್ರಿಯನ್ನೇ ಕೆಡವಿತು ಅಂತಾರೆ.

ಏಳು ಸುತ್ತು

ನಮ್ಮಲ್ಲಿ ಈರುಳ್ಳಿ ಮುಖ್ಯವಾಗಿ ಮಳೆಗಾಲದ ಬೆಳೆ. ನಾಸಿಕ್ ಕಡೆಯವರ ಹಾಗೆ ಬೇಸಿಗೆ ಬೆಳೆ ದಾಸ್ತಾನಿಟ್ಟು ತಿಂಗಳುಗಟ್ಟಲೆ ಕಾಯುವವರು ಕಡಿಮೆ. ಏಪ್ರಿಲ್ ಹೊತ್ತಿಗೆ ಇಲ್ಲಿನ ರೈತನ ಮನೆಯಲ್ಲಿ ಮಾರಲು ಈರುಳ್ಳಿ ಎಷ್ಟಿತ್ತು? ಅಲ್ಲದೆ ಆ ವರ್ಷ ಬರ. ರಾಜ್ಯದ 236 ತಾಲ್ಲೂಕಿನಲ್ಲಿ 223 ಬರಪೀಡಿತ ಅಂತ ಘೋಷಣೆ ಆಗಿತ್ತು. ಬೆಳೆಯೇ ಬಾರದವನಿಗೆ ರೇಟಿನ ಸಿಟ್ಟು ಎಲ್ಲಿಂದ ಬರಬೇಕು?

ಬರದ ಬಗ್ಗೆಯೂ ಅಧ್ಯಯನ ಇದೆ. ಶಾನ್ ಕೋಲ್, ಆಂಡ್ರ್ಯೂ ಹೀಲಿ, ಎರಿಕ್ ವರ್ಕರ್ 2012ರಲ್ಲಿ ಭಾರತದ ಮಳೆ ಮತ್ತು ಚುನಾವಣೆ ಅಂಕಿಅಂಶ ಜೋಡಿಸಿ ನೋಡಿದರು. ಮಳೆ ಕೈಕೊಟ್ಟರೆ ಜನ ಆಳುವವರಿಗೆ ಶಿಕ್ಷೆ ಕೊಡುತ್ತಾರೆ. ಪರಿಹಾರಕ್ಕೆ ಚೆನ್ನಾಗಿ ಓಡಾಡಿದ ಸರ್ಕಾರಕ್ಕೆ ಶಿಕ್ಷೆ ಸ್ವಲ್ಪ ಕಡಿಮೆ. ಆದರೆ 2024ರಲ್ಲಿ ಶಿಕ್ಷೆ ಯಾರಿಗೆ? ರಾಜ್ಯದಲ್ಲಿ ಒಬ್ಬರು, ದೆಹಲಿಯಲ್ಲಿ ಇನ್ನೊಬ್ಬರು. ಪರಿಹಾರದ ಜಗಳ ಸುಪ್ರೀಂ ಕೋರ್ಟಿಗೇ ಹೋಗಿತ್ತು. ಹೊಣೆ ಯಾರದು ಅಂತ ತಿಳಿಯದ ಕಡೆ ಜೇಬಿನ ಲೆಕ್ಕ ಕೆಲಸ ಮಾಡುವುದು ಕಷ್ಟ. ಆಗ ಹಳೇ ಒಲವೇ ಮುಂದೆ ಬರುತ್ತದೆ.

ಹೊಂಡದ ಸರ್ಕಲ್

ಚರ್ಚೆ ಒಳ್ಳೆ ಕಡೆ ಬಂದಿದೆ. ಒಂದು ಅಂಕಿ ಮಾತ್ರ ನನ್ನನ್ನು ಬಿಡುತ್ತಿಲ್ಲ. ರಾಜ್ಯದಲ್ಲಿ ಬಿಜೆಪಿಗೆ 2018ರಲ್ಲಿ ಸುಮಾರು ಶೇ. 36 ಮತ, 104 ಸೀಟು. 2023ರಲ್ಲೂ ಶೇ. 36 ಮತ, 66 ಸೀಟು. ಕಾಂಗ್ರೆಸ್ ಶೇ. 38ರಿಂದ 43ರ ಹತ್ತಿರಕ್ಕೆ ಏರಿತು, ಜೆಡಿಎಸ್ 18ರಿಂದ 13ಕ್ಕೆ ಇಳಿಯಿತು. ಬಿಜೆಪಿಯಿಂದ ಯಾರೂ ಹೋಗಲಿಲ್ಲ, ಜೆಡಿಎಸ್ಸಿನವರೆಲ್ಲ ಕಾಂಗ್ರೆಸ್ಸಿಗೆ ಬಂದರು ಅಂತ ಓದಿದರೆ ತಪ್ಪಾಗುತ್ತದೆ. ನಮ್ಮ ಎರಡು ಜಿಲ್ಲೆಯ ಬಹಳಷ್ಟು ಕ್ಷೇತ್ರದಲ್ಲಿ ಜೆಡಿಎಸ್ ಅಷ್ಟು ದೊಡ್ಡದಲ್ಲ, ಆದರೂ ಬಿಜೆಪಿ ಸೀಟು ಉದುರಿದವು. ಒಳಗೆ ಬಂದವರು, ಹೊರಗೆ ಹೋದವರು ಸರಿಸಮ ಇದ್ದರೆ ಮೊತ್ತದಲ್ಲಿ ಏನೂ ಕಾಣುವುದಿಲ್ಲ.

ಇದನ್ನು ಬೂತ್ ಮಟ್ಟದಲ್ಲಿ ನೋಡಬೇಕು. ಚುನಾವಣಾ ಆಯೋಗದ ಫಾರಂ 20ರಲ್ಲಿ ಒಂದೊಂದು ಬೂತಿನದೂ ಪ್ರತ್ಯೇಕ ಲೆಕ್ಕ ಇರುತ್ತದೆ. ಮುಖ್ಯ ಚುನಾವಣಾಧಿಕಾರಿ ವೆಬ್‌ಸೈಟಿನಲ್ಲಿ ಹಾಕುತ್ತಾರೆ. ಹೊನ್ನಾಳಿ, ಹೊಸದುರ್ಗ ಎರಡು ತೆಗೆದುಕೊಂಡು 2018ಕ್ಕೂ 2023ಕ್ಕೂ ಪ್ರತಿ ಬೂತಿನ ಬದಲಾವಣೆ ಹಾಕೋಣ. ಎಲ್ಲಾ ಬೂತೂ ಹತ್ತಿರ ಹತ್ತಿರ ಒಂದೇ ಅಳತೆಯಲ್ಲಿ ಸರಿದಿದ್ದರೆ ಅದು ಹವಾ. ಒಂದೊಂದು ಊರು ಒಂದೊಂದು ಕಡೆ ಹೋಗಿದ್ದರೆ ಅಭ್ಯರ್ಥಿ, ಊರಿನ ಮುಖಂಡ, ಬಂಡಾಯ ಇಂಥವು. ನನ್ನ ಊಹೆ, ಹೊಸದುರ್ಗದಲ್ಲಿ ಮೊದಲನೆಯದು ಜಾಸ್ತಿ ಕಾಣುತ್ತದೆ, ಹೊನ್ನಾಳಿಯಲ್ಲಿ ಎರಡನೆಯದು. ಬೂತಿನ ಲೆಕ್ಕದಿಂದ ಒಬ್ಬೊಬ್ಬ ಮತದಾರನ ಮನಸ್ಸು ತಿಳಿಯುವುದಿಲ್ಲ, ಅದು ಗೊತ್ತು. ಆದರೂ ಟಿವಿ ಮ್ಯಾಪಿಗಿಂತ ಒಂದು ಹೆಜ್ಜೆ ಮುಂದೆ. ಟೈಪ್ ಮಾಡಲು ಯಾರು ಬರುತ್ತೀರಿ? ಆ ಪಿಡಿಎಫ್‌ಗಳು ಎಷ್ಟೋ ಕಡೆ ಬರೀ ಸ್ಕ್ಯಾನ್ ಮಾಡಿದ ಚಿತ್ರ, ಕಾಪಿ ಆಗುವುದಿಲ್ಲ.

ಪಿಜೆ ಬಡಾವಣೆ

ಹೊನ್ನಾಳಿ ನನಗಿರಲಿ. ಆದರೆ ಪ್ರತಿ ಬೂತಿನ ಮತದಾನ ಪ್ರಮಾಣವನ್ನೂ ಬೇರೆ ಕಾಲಂನಲ್ಲಿ ಹಾಕಿ. ಪಕ್ಷ ಬದಲಾಯಿಸಿದವರು ಯಾರು, ಸಿಟ್ಟಾಗಿ ಮನೆಯಲ್ಲೇ ಉಳಿದವರು ಯಾರು ಅಂತ ಬೇರೆ ಮಾಡಲು ಅದು ಬೇಕೇ ಬೇಕು.

ಹಳೇ ಏಜೆಂಟ್

ಬೂತ್ ನಂಬರ್ ನೋಡಿ ಜೋಡಿಸಬೇಡಿ. ಪ್ರತಿ ಚುನಾವಣೆಗೂ ಹೊಸ ಬೂತ್ ಸೇರಿ ನಂಬರ್ ಮುಂದೆ ಹೋಗಿರುತ್ತದೆ. ಊರಿನ ಹೆಸರು, ಶಾಲೆ ಹೆಸರು ನೋಡಿ ಜೋಡಿಸಿ. ಹೊಸದುರ್ಗದ ಪಟ್ಟಿ ಇದ್ದರೆ ಕಳಿಸಿ, ಯಾವ ಬೂತ್ ಒಡೆದು ಎರಡಾಗಿದೆ ಅಂತ ಗುರುತು ಹಾಕಿ ಕೊಡುತ್ತೇನೆ.